ಹೆಲ್ಪರ್‌ಗೆ ಪ್ರಾಸ

ಟ್ರೋಫಿ, ಶೀಲ್ಡು, ಮೆಡಲ್ಲು ಮಾರುವ ಆ ಅಂಗಡಿಯಲ್ಲಿ ಅವಳಿಗೆ ಪ್ರಾಸಮ್ಮ ಎಂದೇ ಹೆಸರು. ಅಂಗಡಿಯ ಮುಂದುಗಡೆ ಗಾಜಿನ ಕಪಾಟು, ಅದರೊಳಗೆ ರೆಕ್ಕೆ ಬಿಚ್ಚಿ ನಿಂತ ಚಿನ್ನದ ಬಣ್ಣದ ಪ್ಲಾಸ್ಟಿಕ್ ಹೆಂಗಸರು, ಒಂದು ಕಾಲೆತ್ತಿದ ಫುಟ್‌ಬಾಲ್ ಆಟಗಾರರು. ಹಿಂದುಗಡೆ ಹಿತ್ತಾಳೆ ತಗಡಿನ ಮೇಲೆ ಅಕ್ಷರ ಕೆತ್ತುವ ಯಂತ್ರ. ಅದು ಸೊಳ್ಳೆಗೆ ಸಿಟ್ಟು ಬಂದ ಹಾಗೆ ದಿನವಿಡೀ ಗುಂಯ್‌ಗುಡುತ್ತಿತ್ತು. ಕಪಾಟಿಗೂ ಯಂತ್ರಕ್ಕೂ ನಡುವೆ ಒಂದು ಸಣ್ಣ ಮೇಜು. ಪ್ರಾಸಮ್ಮ ಕೂರುತ್ತಿದ್ದುದು ಅಲ್ಲಿ.

ಕೆಲಸ ಬಿಟ್ಟು ಹೋಗುವವರಿಗೆ, ನಿವೃತ್ತರಾದವರಿಗೆ, ಪಂದ್ಯ ಗೆದ್ದವರಿಗೆ ಕೊಡುವ ಶೀಲ್ಡಿನ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಪದ್ಯ ಇರಲಿ ಎಂದು ಗಿರಾಕಿಗಳು ಕೇಳುತ್ತಿದ್ದರು. ಬರೆಯುವವಳು ಇವಳು, ಕೆತ್ತುವವರು ಅಂಗಡಿಯ ಯಜಮಾನರು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ಇಂಗ್ಲಿಷ್ ಪದ್ಯ ಬರೆಯುತ್ತಾಳೆ ಎಂದರೆ ಮೊದಲು ಯಾರೂ ನಂಬುತ್ತಿರಲಿಲ್ಲ. ನಂಬದಿದ್ದರೆ ಅವಳಿಗೂ ಬೇಸರವಿರಲಿಲ್ಲ. ತಲೆ ತಗ್ಗಿಸಿ, ಪ್ಯಾಕಿಂಗ್ ಕಾಗದದ ಹಿಂಬದಿಯಲ್ಲಿ ಪೆನ್ಸಿಲ್ ಆಡಿಸುತ್ತಾ ಕೂತುಬಿಡುತ್ತಿದ್ದಳು.

ಅವಳ ಕೆಲಸದ ರೀತಿಯೇ ಬೇರೆ. ಒಂದು ಪದ ಕೊಟ್ಟರೆ ಮೊದಲು ಅದರ ತಲೆ ತೆಗೆಯುತ್ತಿದ್ದಳು. ಬಾಲ ಮಾತ್ರ ಉಳಿಸಿಕೊಂಡು, ಅದಕ್ಕೆ ಒಂದೊಂದೇ ತಲೆ ಇಟ್ಟು ನೋಡುತ್ತಿದ್ದಳು, ಟೋಪಿ ಅಂಗಡಿಗೆ ಹೋದವರು ಒಂದೇ ಕನ್ನಡಿಯ ಮುಂದೆ ನಿಂತು ಹತ್ತು ಟೋಪಿ ಹಾಕಿ ನೋಡುವ ಹಾಗೆ. ಗಡಿಯಾರದ ಕಾರ್ಖಾನೆಯವರೊಬ್ಬರು ಬಂದು ‘ಟೈಮ್’ ಎಂಬ ಪದ ಇರಬೇಕು ಎಂದರು. ಅವಳ ತುಟಿ ಅಲ್ಲಾಡತೊಡಗಿತು. “ಡೈಮ್... ಲೈಮ್... ಕ್ರೈಮ್...”

“ರಿಟೈರ್ ಆಗೋರಿಗೆ ಕ್ರೈಮ್ ಬೇಡಮ್ಮ,” ಎಂದರು ಯಜಮಾನರು ಯಂತ್ರದ ಹಿಂದಿನಿಂದ. “ಅದೇನು, ಪದಕ್ಕೆ ಟೋಪಿ ಹಾಕ್ತಾ ಇದ್ದೀಯಾ, ಗಿರಾಕಿಗಾ?”

“ಚೈಮ್,” ಎಂದಳು ಅವಳು ಮೆಲ್ಲಗೆ. ಗಡಿಯಾರದ ಗಂಟೆಯ ನಾದ. ಗಿರಾಕಿ ಖುಷಿಯಾಗಿ ಮೇಜು ತಟ್ಟಿದರು.

ಹೀಗೆ ತಲೆ ಬದಲಾಗಿ ಬಾಲ ಪೂರ್ತಿ ಕೂಡಿದರೆ ಅದು ಅವಳ ಲೆಕ್ಕದಲ್ಲಿ ಪ್ರಾಸ. ‘ಹೋಮ್’ ಜೊತೆ ‘ಅಲೋನ್’, ‘ಟೈಮ್’ ಜೊತೆ ‘ಫೈನ್’ ಇಟ್ಟು ಕೆಲವರು ಪದ್ಯ ಬರೆದು ತರುತ್ತಿದ್ದರು. ಅಂಥದ್ದಕ್ಕೆ ಅವಳು ‘ಕುಂಟು ಪ್ರಾಸ’ ಎಂದು ಹೆಸರಿಟ್ಟಿದ್ದಳು. ಕಿವಿಯಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತದೆ ಎಂದು ಮತ್ತೆ ಬರೆದುಕೊಡುತ್ತಿದ್ದಳು.

“ಯಾರಮ್ಮ ನೋಡ್ತಾರೆ?” ಎಂದು ಯಜಮಾನರು ನಗುತ್ತಿದ್ದರು. “ನಮ್ಮ ಬಾಯಲ್ಲಿ ಇಂಗ್ಲಿಷಿನ ಎಲ್ಲ ಪದಾನೂ ಪ್ರಾಸವೇ. ಬಸ್ಸು, ರೋಡು, ಬೆಲ್ಲು, ಬಿಲ್ಲು. ಕೊನೇಲಿ ಒಂದು ‘ಉ’ ಸೇರಿಸಿದ್ರೆ ಆಯ್ತಪ್ಪ!”

ಅವಳೂ ನಗುತ್ತಿದ್ದಳು. ಆದರೆ ಬಿಡುತ್ತಿರಲಿಲ್ಲ. ಬದುಕಿನಲ್ಲಿ ಅವಳು ತಲೆಯೆತ್ತಿ ಹೇಳಿಕೊಳ್ಳಬಹುದಾದದ್ದು ಇದೊಂದೇ.

ಈ ಕಿವಿ ಅವಳಿಗೆ ಬಂದದ್ದು ಅಕ್ಕನಿಂದ. ಅಕ್ಕ ಮನೆಗೆ ಹಿರಿಯಳು, ಇವಳು ಕಿರಿಯಳು, ನಡುವೆ ಬಹಳ ವರ್ಷಗಳ ಅಂತರ. ಅಮ್ಮ ತೀರಿಕೊಂಡಾಗ ಇವಳಿಗೆ ಮಾತೂ ಬಂದಿರಲಿಲ್ಲ. ಅಕ್ಕ ಒಂದು ನರ್ಸರಿ ಶಾಲೆಯಲ್ಲಿ ಕೆಲಸಕ್ಕಿದ್ದಳು. ಮಕ್ಕಳ ಮೂಗು ಒರೆಸುವುದು, ಕೈ ತೊಳೆಸುವುದು, ಒದ್ದೆಯಾದ ಚಡ್ಡಿ ಬದಲಾಯಿಸುವುದು, ಅತ್ತರೆ ಎತ್ತಿಕೊಳ್ಳುವುದು. ಶಾಲೆಯಲ್ಲಿ ಆ ಕೆಲಸಕ್ಕೆ ‘ಹೆಲ್ಪರ್’ ಎನ್ನುತ್ತಿದ್ದರು. ತಂಗಿಯನ್ನು ಮನೆಯಲ್ಲಿ ಬಿಡಲು ಯಾರೂ ಇಲ್ಲದ್ದರಿಂದ ಅಕ್ಕ ಅವಳನ್ನು ಜೊತೆಗೇ ಕರೆದುಕೊಂಡು ಹೋಗಿ, ಬಚ್ಚಲಿನ ಬಾಗಿಲ ಪಕ್ಕ ಒಂದು ಸ್ಟೂಲಿನ ಮೇಲೆ ಕೂರಿಸುತ್ತಿದ್ದಳು. ಗೋಡೆಯ ಆಚೆ ಮಕ್ಕಳು ಇಂಗ್ಲಿಷ್ ಪದ್ಯ ಕೂಗುತ್ತಿದ್ದರು. ಪುಸ್ತಕ ನೋಡದೆ, ಅರ್ಥ ತಿಳಿಯದೆ, ಬರೀ ನಾದ ಕೇಳಿ ಬೆಳೆದ ಕಿವಿ ಅದು. ಅಕ್ಕ ನೆಲ ಒರೆಸುತ್ತಾ ಅದೇ ಪದ್ಯ ಗುನುಗುತ್ತಿದ್ದಳು, ಕೊನೆಯ ಪದ ಬಂದಾಗ ನಿಲ್ಲಿಸಿ ತಂಗಿಯ ಮುಖ ನೋಡುತ್ತಿದ್ದಳು. ತಂಗಿ ಆ ಪದ ಹೇಳಿದರೆ ಒರೆಸುವ ಬಟ್ಟೆಯಿಂದ ಒಂದು ಹನಿ ನೀರು ಚಿಮುಕಿಸುವಳು. ಅದೇ ಬಹುಮಾನ.

ಮುಂದೆ ಅಕ್ಕನಿಗೆ ದೊಡ್ಡ ಜ್ವರ ಬಂದು ಬಹಳ ದಿನ ಮಲಗಿದಾಗ ಇವಳು ಶಾಲೆ ತಪ್ಪಿಸಿ ಆರೈಕೆ ಮಾಡಿದಳು. ಅಕ್ಕ ಎದ್ದು ಓಡಾಡಿದ ಮೇಲೂ ಇವಳು ಶಾಲೆಗೆ ಹೋಗಲಿಲ್ಲ. ಒಂದು ವರ್ಷ ಹಿಂದೆ ಬಿದ್ದು ಚಿಕ್ಕ ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂರುವುದು ಹೇಗೆ ಎಂದು ನಾಚಿಕೆ. ಅಕ್ಕ ಬೇಡಿಕೊಂಡಳು, ಬೈದಳು, ಒಂದು ದಿನ ಶಾಲೆಯ ಗೇಟಿನವರೆಗೂ ಕೈ ಹಿಡಿದು ಎಳೆದುಕೊಂಡು ಹೋದಳು. ಇವಳು ಗೇಟಿನ ಕಂಬಿ ಹಿಡಿದು ನಿಂತುಬಿಟ್ಟಳು. ನಾಚಿಕೆ ಎನ್ನುವುದು ಅವಳಿಗೆ ಬೇರೆಯವರಿಗೆ ಹಸಿವಾದ ಹಾಗೆ, ಹೊತ್ತು ಹೊತ್ತಿಗೆ ಆಗುತ್ತಿತ್ತು.

ಅಂಗಡಿಗೆ ಸೇರಿದ ಹೊಸದರಲ್ಲಿ ಯಜಮಾನರು ಕೇಳಿದ್ದರು, “ಇಷ್ಟು ಚೆನ್ನಾಗಿ ಇಂಗ್ಲಿಷ್ ಯಾರಮ್ಮ ಕಲಿಸಿದ್ದು?”

“ನಮ್ಮಕ್ಕ ನರ್ಸರಿ ಶಾಲೆಯಲ್ಲಿದಾರೆ,” ಎಂದಿದ್ದಳು.

“ಓಹೋ, ಟೀಚರಾ! ಅದಕ್ಕೇ ಮತ್ತೆ!”

ಅವಳು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಪೆನ್ಸಿಲ್ ಚೂಪು ಮಾಡಿದಳು. ಅವತ್ತಿನಿಂದ ಯಜಮಾನರು ಖುಷಿಯಲ್ಲಿದ್ದಾಗ ಅವಳನ್ನು “ಟೀಚರಮ್ಮನ ತಂಗಿ” ಎಂದು ಕರೆಯತೊಡಗಿದರು. ಕೇಳಿದಾಗಲೆಲ್ಲ ಬೆನ್ನಿನಲ್ಲಿ ಒಂದು ಮುಳ್ಳು ಚುಚ್ಚಿದಂತಾಗುತ್ತಿತ್ತು. ಹೇಳಬಾರದು, ಆದರೆ ಕೇಳಲಿಕ್ಕೆ ಹಿತವಾಗಿಯೂ ಇರುತ್ತಿತ್ತು.

ಅಕ್ಕನ ನಿವೃತ್ತಿ ಹತ್ತಿರ ಬಂದಾಗ ಶಾಲೆಯ ಗುಮಾಸ್ತ ಅಂಗಡಿಗೆ ಬಂದ. ಉದ್ದ ಕತ್ತಿನ, ಸದಾ ಅವಸರದ ಮನುಷ್ಯ. ಯಜಮಾನರು ಆಗ ಚಹಾ ಕುಡಿಯಲು ಹೊರಗೆ ಹೋಗಿದ್ದರು.

“ಹೊಸ ಹೆಡ್ ಮೇಡಂ ಹೇಳಿ ಕಳಿಸಿದಾರೆ,” ಎಂದ ಗುಮಾಸ್ತ. “ನಮ್ಮ ಹೆಲ್ಪರ್ ಒಬ್ರು ರಿಟೈರ್ ಆಗ್ತಿದಾರೆ. ಎರಡು ಸಾಲು ಇಂಗ್ಲಿಷ್ ಬೇಕಂತೆ. ಹೆಲ್ಪರ್ ಅನ್ನೋ ಪದ ಅದರಲ್ಲಿ ಬರಲೇಬೇಕಂತೆ. ಮರೀಬೇಡಿ, ಇಲ್ಲದಿದ್ರೆ ಮೇಡಂ ನನ್ನ ತಲೆ ತಿಂತಾರೆ.”

ಇವಳು ಆ ಹೆಲ್ಪರ್‌ನ ತಂಗಿ ಎಂದು ಅವನಿಗೆ ಗೊತ್ತಿರಲಿಲ್ಲ. ಇವಳೂ ಹೇಳಲಿಲ್ಲ. “ಆಯ್ತು” ಎಂದಳು. ಅವನು ಹೋದ.

ಯಜಮಾನರು ವಾಪಸ್ ಬಂದು, ಆರ್ಡರಿನಲ್ಲಿ ಶಾಲೆಯ ಹೆಸರು ನೋಡಿದರು. “ಇದು ನಿಮ್ಮಕ್ಕನ ಶಾಲೆ ಅಲ್ವಾ? ಯಾರಮ್ಮ ರಿಟೈರ್ ಆಗೋದು?”

“ಅಕ್ಕಾನೇ.”

“ಅಯ್ಯೋ, ಮೊದಲೇ ಹೇಳಬಾರದಾ!” ಯಜಮಾನರ ಮುಖವೆಲ್ಲ ಬೆಳಗಿತು. “ಟೀಚರಮ್ಮಂಗೆ ಈ ತೆಳು ತಗಡು ಹಾಕೋಕಾಗುತ್ತಾ? ಒಳ್ಳೇ ದಪ್ಪ ಹಿತ್ತಾಳೆ ಒಳಗಿದೆ, ಅದನ್ನೇ ಹಾಕ್ತೀನಿ. ನೀನು ಬರಿ, ನಾನೇ ಕೂತು ಕೆತ್ತುತ್ತೀನಿ. ನಮ್ಮ ಮನೇದು ಅಂದ್ಕೋ.”

ಅವರ ಪ್ರೀತಿ ಅವಳ ಕುತ್ತಿಗೆಗೆ ಸುತ್ತಿಕೊಂಡಿತು. ಅವಳು ಪ್ಯಾಕಿಂಗ್ ಕಾಗದ ಎಳೆದುಕೊಂಡು ಹೆಲ್ಪರ್ ಎಂದು ಬರೆದಳು. ತಲೆ ತೆಗೆದಳು. ‘ಎಲ್ಪರ್’ ಉಳಿಯಿತು. ಬೆಲ್ಪರ್, ಡೆಲ್ಪರ್, ಫೆಲ್ಪರ್. ಯಾವುದೂ ಪದವಲ್ಲ. ಕೊನೆಗೆ ‘ಯೆಲ್ಪರ್’ ಎಂದು ಒಂದು ಸಿಕ್ಕಿತು. ಡಿಕ್ಷನರಿ ತೆಗೆದು ನೋಡಿದಳು: ನಾಯಿಮರಿಯಂತೆ ಕುಂಯ್‌ಗುಡುವವನು. ಪುಸ್ತಕ ಮುಚ್ಚಿದಳು.

ಪೂರ್ತಿ ಕೂಡುವ ಪ್ರಾಸವೇ ಈ ಪದಕ್ಕಿಲ್ಲ, ನಾನೇನು ಮಾಡಲಿ ಎಂದುಕೊಂಡಳು. ಕುಂಟು ಪ್ರಾಸ ಹುಡುಕಿದ್ದರೆ ಸಿಗುತ್ತಿತ್ತೋ ಏನೋ, ಅವಳು ಹುಡುಕಲಿಲ್ಲ. ಯಜಮಾನರು ತಗಡನ್ನು ಪುಡಿ ಹಾಕಿ ಉಜ್ಜುತ್ತಾ, ಸಿಳ್ಳೆ ಹಾಕುತ್ತಾ ಕಾಯುತ್ತಿದ್ದರು. ಅವರ ಕೈಗೆ ಹೆಲ್ಪರ್ ಎಂದು ಬರೆದು ಕೊಡುವುದು ಅವಳಿಂದ ಆಗುವ ಮಾತಾಗಿರಲಿಲ್ಲ. ಪುಟ್ಟ ಶಾಲೆ, ಯಾರು ಅಷ್ಟೊಂದು ಗಮನಿಸುತ್ತಾರೆ? ಒಂದು ದಿನವಾದರೂ ಅಕ್ಕನನ್ನು ದೊಡ್ಡ ಪದದಿಂದ ಕರೆದರೆ ಅಕ್ಕನಿಗೂ ಸಂತೋಷವೇ ಅಲ್ಲವೇ? ಹೀಗೆ ತನಗೆ ತಾನೇ ಹೇಳಿಕೊಂಡು ಬರೆದಳು:

ಟು ಅವರ್ ಡಿಯರ್ ಅಂಡ್ ಜೆಂಟಲ್ ಟೀಚರ್,
ಕೈಂಡ್‌ನೆಸ್ ವಾಸ್ ಯುವರ್ ಫೈನೆಸ್ಟ್ ಫೀಚರ್.

ನಮ್ಮ ಮೃದು ಮನಸ್ಸಿನ ಟೀಚರಿಗೆ, ಕರುಣೆಯೇ ನಿಮ್ಮ ಮುಖದ ಕಳೆ ಎಂದು ಅರ್ಥ. ಬಾಲಕ್ಕೆ ಬಾಲ ಕೂಡಿತ್ತು. ಯಜಮಾನರು ಓದಿ, “ಭೇಷ್!” ಎಂದರು.

ಬೀಳ್ಕೊಡುಗೆ ನಡೆದದ್ದು ಮಕ್ಕಳು ಆಟವಾಡುವ ಹಾಲಿನಲ್ಲಿ. ಗೋಡೆಯ ತುಂಬ ಅಕ್ಷರಗಳ ಚಿತ್ರ, ಪುಟ್ಟ ಪುಟ್ಟ ಕುರ್ಚಿಗಳಲ್ಲಿ ದೊಡ್ಡವರು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ಅಕ್ಕ ಮುಂದೆ, ಮೇಜಿನ ಪಕ್ಕ. ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿದ್ದಳು, ಕೈಗಳನ್ನು ಮಡಿಲಲ್ಲಿ ಎಲ್ಲಿ ಇಡುವುದೆಂದು ತಿಳಿಯದೆ ಒಂದರೊಳಗೊಂದು ಸೇರಿಸಿದ್ದಳು. ಪ್ರಾಸಮ್ಮ ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ.

ಹೆಡ್ ಮೇಡಂ ಬಣ್ಣದ ಕಾಗದ ಬಿಚ್ಚಿ ಶೀಲ್ಡ್ ಎತ್ತಿ ಹಿಡಿದು ಜೋರಾಗಿ ಓದಲು ಶುರು ಮಾಡಿದರು. “ಟು ಅವರ್ ಡಿಯರ್ ಅಂಡ್ ಜೆಂಟಲ್ ಟೀ...”

ನಿಂತರು. ಕನ್ನಡಕ ಸರಿಮಾಡಿಕೊಂಡರು. ಮುಂದಿನ ಸಾಲಿನಲ್ಲಿದ್ದ ಟೀಚರುಗಳು ಕತ್ತು ಚಾಚಿದರು.

“...ಹೆಲ್ಪರ್,” ಎಂದು ತಿದ್ದಿ ಓದಿದರು ಮೇಡಂ. “ಕೈಂಡ್‌ನೆಸ್ ವಾಸ್ ಯುವರ್ ಫೈನೆಸ್ಟ್ ಫೀಚರ್.”

ಪ್ರಾಸ ಮುರಿದು ಬಿದ್ದದ್ದು ಹಾಲಿನಲ್ಲಿದ್ದ ಎಲ್ಲರ ಕಿವಿಗೂ ಕೇಳಿಸಿತು. ಯಾರೋ ಕಿಸಕ್ಕೆಂದರು. ಒಬ್ಬ ಟೀಚರ್ ಪಕ್ಕದವರ ಕಿವಿಯಲ್ಲಿ, “ಇಷ್ಟು ದಿನ ನಾವೇನು ಮಾಡ್ತಿದ್ವಂತೆ?” ಎಂದದ್ದು ಪಿಸುಮಾತಾದರೂ ಕೊನೆಯ ಸಾಲಿಗೂ ತಲುಪಿತು. ನಗು ಸಣ್ಣದಾಗಿ ಹರಿದು ಹೋಯಿತು. ಆಮೇಲೆ ಚಪ್ಪಾಳೆ. ಅಕ್ಕ ಎದ್ದು ನಿಂತು, ಶೀಲ್ಡನ್ನು ಮಗುವನ್ನು ತೆಗೆದುಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ನಗುತ್ತಿದ್ದಳು. ಆದರೆ ಕಿವಿಯ ತುದಿ ಕೆಂಪಾಗಿತ್ತು.

ಪ್ರಾಸಮ್ಮನಿಗೆ ಕೂತ ಕುರ್ಚಿ ಇನ್ನೂ ಚಿಕ್ಕದಾದಂತೆ ಅನಿಸಿತು. ನೆಲ ಬಾಯಿ ಬಿಟ್ಟರೆ ಸಾಕಿತ್ತು.

ಕಾರ್ಯಕ್ರಮ ಮುಗಿದ ಮೇಲೆ ವರಾಂಡದಲ್ಲಿ ಹೆಡ್ ಮೇಡಂ ಗುಮಾಸ್ತನನ್ನು ಹಿಡಿದುಕೊಂಡರು. “ಒಂದು ಪದ ಹೇಳಿ ಬರೋಕೆ ನಿಮ್ಮ ಕೈಲಿ ಆಗಲ್ವೇನ್ರೀ? ಆ ಪಾಪದ ಹೆಂಗಸಿಗೆ ಎಲ್ಲರ ಎದುರಿಗೆ ಎಂಥಾ ಅವಮಾನ!”

“ಮೇಡಂ, ನಾನು ಹೇಳಿದ್ದೆ, ಸರಿಯಾಗೇ ಹೇಳಿದ್ದೆ...”

“ಹೇಳಿದ್ರೆ ಅವರು ಯಾಕೆ ಹೀಗೆ ಮಾಡ್ತಾರೆ? ಅವರಿಗೇನು ಹುಚ್ಚಾ?”

ಗುಮಾಸ್ತನ ಉದ್ದ ಕತ್ತು ಭುಜದೊಳಕ್ಕೆ ಇಳಿಯಿತು. ಆಗ ಅವನ ಕಣ್ಣು ಕಂಬದ ಪಕ್ಕ ನಿಂತಿದ್ದ ಪ್ರಾಸಮ್ಮನ ಮೇಲೆ ಬಿತ್ತು. ಗುರುತು ಹತ್ತಿತು. ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ನಡುವೆ ಬಂದು, “ಬಿಡಿ ಮೇಡಂ, ಏನೂ ಆಗಿಲ್ಲ, ಪಾಪ ಅವರನ್ನ ಬೈಬೇಡಿ,” ಎಂದಳು. ಪಕ್ಕದಲ್ಲಿದ್ದ ತಂಗಿಯ ಹೆಗಲ ಮೇಲೆ ಕೈಯಿಟ್ಟು, “ಇವಳು ನನ್ನ ತಂಗಿ,” ಎಂದೂ ಪರಿಚಯ ಮಾಡಿಸಿದಳು. ಗುಮಾಸ್ತ ಅಕ್ಕನ ಮುಖ ನೋಡಿ ತೆರೆದ ಬಾಯಿ ಮುಚ್ಚಿದ. ಪ್ರಾಸಮ್ಮ ಆಗಲಾದರೂ ಒಂದು ಮಾತು ಹೇಳಬಹುದಿತ್ತು. ಮೇಡಂಗೆ ಕೈ ಮುಗಿದಳು, ಅಷ್ಟೇ.

ಮನೆಗೆ ನಡೆದೇ ಹೊರಟರು. ಶೀಲ್ಡು ಅಕ್ಕನ ಕಂಕುಳಲ್ಲಿತ್ತು. ಹಾಲಿನ ಡೈರಿ ದಾಟಿದರು, ಸೈಕಲ್ ರಿಪೇರಿ ಅಂಗಡಿ ದಾಟಿದರು.

“ಯಾಕೆ ನಕ್ಕರು ಅವರೆಲ್ಲ?” ಎಂದಳು ಅಕ್ಕ.

“ಪ್ರಾಸ ಸರಿ ಕೂಡಲಿಲ್ಲ, ಅದಕ್ಕೆ.”

ಅಕ್ಕ ಶೀಲ್ಡನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. “ನಂಗೆ ಇಂಗ್ಲಿಷ್ ಓದೋಕೆ ಬರಲ್ಲ ಕಣೇ. ಆದ್ರೆ ಟೀಚರ್ ಅನ್ನೋದು ಗೊತ್ತಿಲ್ವಾ? ಹೆಲ್ಪರ್ ಅನ್ನೋದು ಗೊತ್ತಿಲ್ವಾ? ಬೆಳಿಗ್ಗೆಯಿಂದ ಸಂಜೆವರೆಗೂ ಅವೆರಡೇ ತಾನೇ ನನ್ನ ಕಿವಿ ಮೇಲೆ ಬಿದ್ದಿದ್ದು. ಮೇಡಂ ಟೀ ಅಂತ ಶುರು ಮಾಡಿ ನುಂಗಿಕೊಂಡ್ರು.”

ತಂಗಿ ಚಪ್ಪಲಿ ನೋಡುತ್ತಾ ನಡೆದಳು.

“ಒಂದ್ಸಲ ರಸ್ತೇಲಿ ನಿಮ್ಮ ಅಂಗಡಿ ಯಜಮಾನ್ರು ಸಿಕ್ಕಿ, ‘ನಮಸ್ಕಾರ ಟೀಚರಮ್ಮ’ ಅಂದಿದ್ರು, ನೆನಪಿದೆಯಾ? ತಮಾಷೆಗೆ ಅಂದ್ರು ಅಂತ ನಾನೂ ನಕ್ಕಿದ್ದೆ.” ಅಕ್ಕ ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. “ಹೆಲ್ಪರ್ ಅಂದ್ರೆ ನಿಂಗೆ ಅಷ್ಟು ನಾಚಿಕೆಯಾ?”

ಇಲ್ಲ ಅಕ್ಕ, ಆ ಪದಕ್ಕೆ ಪ್ರಾಸ ಇಲ್ಲ ಎಂದು ಹೇಳಲು ಬಾಯಿ ತೆರೆದಳು. ಆ ಮಾತು ನಿಜವೂ ಆಗಿತ್ತು. ಆದರೆ ಅಕ್ಕನ ಒರಟು ಬೆರಳುಗಳು ಶೀಲ್ಡಿನ ಅಂಚು ಹಿಡಿದಿದ್ದ ರೀತಿ ನೋಡಿ ಮಾತು ಹೊರಡಲಿಲ್ಲ. ನನಗೆ ನಿಜಕ್ಕೂ ಕಲಿಸಿದ್ದು ನೀನೇ, ಆದ್ದರಿಂದ ನೀನು ಟೀಚರೇ ಎನ್ನೋಣ ಎಂದೂ ಒಂದು ಯೋಚನೆ ಬಂತು. ಅದು ತನಗೆ ಅನುಕೂಲವಾದ ಮಾತು ಎಂದೇ ಅವಳಿಗೆ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ. ತಲೆಯಾಡಿಸಿದಳು. ಹೌದು ಎಂದೋ ಇಲ್ಲ ಎಂದೋ ಅಕ್ಕ ಕೇಳಲಿಲ್ಲ. ಮನೆಗೆ ಬಂದು ಶೀಲ್ಡನ್ನು ಬಣ್ಣದ ಕಾಗದದಲ್ಲೇ ಸುತ್ತಿ ಪೆಟ್ಟಿಗೆಯ ಮೇಲಿಟ್ಟಳು. “ನನ್ನದು ಬಿಡು. ಆ ಗುಮಾಸ್ತ ಸುಮ್ಸುಮ್ನೆ ಬೈಸಿಕೊಂಡ,” ಎಂದಷ್ಟೇ ಹೇಳಿ ಅನ್ನಕ್ಕೆ ಇಟ್ಟಳು.

ಮರುದಿನ ಬೆಳಿಗ್ಗೆ ಪ್ರಾಸಮ್ಮ ಪೆಟ್ಟಿಗೆಯ ಮೇಲಿದ್ದ ಶೀಲ್ಡನ್ನು ಎತ್ತಿಕೊಂಡು ಮೊದಲು ಶಾಲೆಗೆ ಹೋದಳು. ಹೆಡ್ ಮೇಡಂ ಕೋಣೆಯ ಬಾಗಿಲಲ್ಲಿ ನಿಂತು, ಅವರು ಒಳಗೆ ಕರೆಯುವ ಮೊದಲೇ, “ಅವರು ಸರಿಯಾಗೇ ಹೇಳಿದ್ರು ಮೇಡಂ. ಬದಲಾಯಿಸಿದ್ದು ನಾನು. ಅಂಗಡಿಯಲ್ಲಿ ಬರೆಯೋಳು ನಾನೇ,” ಎಂದಳು. ಮೇಡಂಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. “ನೀವು ಅವರ ತಂಗಿ ಅಲ್ವಾ?” ಎಂದರು. ಅದಕ್ಕಿಂತ ದೊಡ್ಡ ಬೈಗುಳ ಬೇಕಿರಲಿಲ್ಲ. ಹೊರಗೆ ಗುಮಾಸ್ತ ಅವಳನ್ನು ನೋಡಿಯೂ ನೋಡದವನಂತೆ ಪೆನ್ನಿನ ಮುಚ್ಚಳ ಹಾಕುತ್ತಿದ್ದ.

ಅಲ್ಲಿಂದ ಅಂಗಡಿಯವರೆಗೂ ಅವಳ ತುಟಿ ಅಲ್ಲಾಡುತ್ತಲೇ ಇತ್ತು. ಈ ಸಲ ತಲೆ ತೆಗೆಯಲಿಲ್ಲ. ಪದವನ್ನು ಇಡಿಯಾಗಿ ಬಾಯಲ್ಲಿಟ್ಟುಕೊಂಡು, ಅದರ ಅಕ್ಕಪಕ್ಕ ಯಾರಿದ್ದಾರೆ ಎಂದು ಹುಡುಕಿದಳು. ಹೆಲ್ಪರ್, ಹೆಲ್ಮೆಟ್, ಪೆಪ್ಪರ್, ಕೀಪರ್, ವೆಲ್ಡರ್. ಬಸ್‌ ನಿಲ್ದಾಣದಲ್ಲಿ ಒಬ್ಬ ತಾಯಿ ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. ಆ ನಿಲ್ದಾಣದ ತಗಡಿನ ಮಾಡಿನ ಕೆಳಗೆ ನಿಂತಾಗ ಪದ ಬಂತು. ಶೆಲ್ಟರ್. ಪೂರ್ತಿ ಕೂಡುವುದಿಲ್ಲ. ನಡುವೆ ಒಂದು ಅಕ್ಷರ ಬೇರೆ ದಾರಿ ಹಿಡಿಯುತ್ತದೆ. ಬೇರೆ ಯಾರಾದರೂ ತಂದಿದ್ದರೆ ಅವಳೇ ಗೀಟು ಹಾಕುತ್ತಿದ್ದಳು.

ಯಜಮಾನರು ಅವಳನ್ನು ಕಂಡದ್ದೇ, “ಏನಂದ್ರು ಟೀಚರಮ್ಮ? ತಗಡು ನೋಡಿ ಖುಷಿಯಾದ್ರಾ?” ಎಂದರು.

ಅವಳು ಕಾಗದದಿಂದ ಶೀಲ್ಡು ತೆಗೆದು ಮೇಜಿನ ಮೇಲಿಟ್ಟಳು. “ತಗಡು ಬಿಚ್ಚಿ, ಹಿಂಬದಿಯಲ್ಲಿ ಬೇರೆ ಕೆತ್ತಬೇಕು ಯಜಮಾನ್ರೇ.” ಪ್ಯಾಕಿಂಗ್ ಕಾಗದದ ಚೂರು ಮುಂದಿಟ್ಟಳು.

ಟು ಅವರ್ ಡಿಯರ್ ಅಂಡ್ ಜೆಂಟಲ್ ಹೆಲ್ಪರ್,
ಯುವರ್ ಟೂ ಆರ್ಮ್ಸ್ ವರ್ ಆಲ್ ಅವರ್ ಶೆಲ್ಟರ್.

“ನಿಮ್ಮ ಎರಡು ತೋಳೇ ನಮಗೆಲ್ಲ ಆಸರೆ,” ಎಂದು ಯಜಮಾನರು ಅರ್ಥ ಬಿಡಿಸಿಕೊಂಡು ಓದಿದರು. ಆಮೇಲೆ ಮೊದಲ ಸಾಲಿಗೆ ಹಿಂದಿರುಗಿದರು. “ಹೆಲ್ಪರ್ ಯಾರು?”

“ಅಕ್ಕ. ಮೊದಲಿಂದಲೂ ಹೆಲ್ಪರೇ. ಮಕ್ಕಳನ್ನ ತೊಳೆಯೋದು, ಎತ್ತಿಕೊಳ್ಳೋದು. ನೀವು ಟೀಚರ್ ಅಂದಾಗ ನಾನು ಸುಮ್ಮನಿದ್ದೆ.”

ಯಂತ್ರ ನಿಂತಿತ್ತು. ಯಜಮಾನರು ಸ್ಕ್ರೂ ಡ್ರೈವರ್ ತೆಗೆದುಕೊಂಡು ತಗಡಿನ ನಾಲ್ಕು ಮೂಲೆ ಬಿಚ್ಚಿದರು.

“ಇದು ಕುಂಟು ಪ್ರಾಸ. ನೀನೇ ಬೈತಿದ್ದೆ,” ಎಂದರು ಕೊನೆಗೆ.

“ಕುಂಟಲಿ ಬಿಡಿ.”

ಅವರು ಕೆತ್ತಿದರು. ಸಿಳ್ಳೆ ಹಾಕಲಿಲ್ಲ. ಅವತ್ತಿನಿಂದ ‘ಟೀಚರಮ್ಮನ ತಂಗಿ’ ಎಂದು ಕರೆಯುವುದನ್ನೂ ಬಿಟ್ಟರು. ಆ ಕರೆ ನಿಂತದ್ದಕ್ಕೆ ಅವಳಿಗೆ ಒಳಗೊಳಗೇ ಬೇಸರವಾಯಿತು. ಬೇಸರವಾಯಿತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ಸಂಜೆ ಅಕ್ಕ ಅಡುಗೆಮನೆಯಿಂದ ಕೈ ಒರೆಸುತ್ತಾ ಬಂದು ಶೀಲ್ಡಿನ ಮೇಲೆ ಬೆರಳಾಡಿಸಿದಳು. ಅಕ್ಷರಗಳನ್ನು ಅವಳು ನರ್ಸರಿಯ ಗೋಡೆಯ ಚಿತ್ರಗಳಿಂದ ಬಲ್ಲಳು. ಬೆರಳು ಒಂದು ಕಡೆ ನಿಂತಿತು. “ಇದು ಕೋಳಿ ಚಿತ್ರದ್ದು, ಎಚ್. ಓದು ನೋಡೋಣ.”

ತಂಗಿ ಓದಿದಳು. ಅರ್ಥವನ್ನೂ ಹೇಳಿದಳು, ತಲೆಯೆತ್ತದೆ.

“ಇನ್ನೊಂದ್ಸಲ ಓದು.”

ಇನ್ನೊಂದು ಸಲ ಓದಿದಳು. ಅಕ್ಕ ಕತ್ತು ಓರೆ ಮಾಡಿ ಕೇಳಿಸಿಕೊಂಡಳು, ಒರೆಸುವ ಬಟ್ಟೆ ಹಿಡಿದು ಪದ್ಯದ ಕೊನೆಯ ಪದಕ್ಕಾಗಿ ಕಾಯುತ್ತಿದ್ದ ಹಾಗೆಯೇ.

“ಕೊನೇಲಿ ಪೂರ್ತಿ ಸೇರಲ್ಲ ಅಲ್ವಾ?”

“ಇಲ್ಲ ಅಕ್ಕ. ಪೂರ್ತಿ ಸೇರಲ್ಲ.”

“ಹತ್ತಿರ ಇದೆ ಬಿಡು,” ಎಂದಳು ಅಕ್ಕ. ಮೊಳೆ ಎಲ್ಲಿ ಹೊಡೆಯುವುದೆಂದು ಗೋಡೆ ನೋಡತೊಡಗಿದಳು. “ಆ ಹಳೇದು ಏನಾಯ್ತು?”

“ಹಿಂದೆ ಇದೆ. ಮರದ ಹಲಗೆ ಕಡೆಗೆ ಮುಖ ಮಾಡಿದೆ.”

“ಇರ್ಲಿ. ಯಾರಿಗೆ ಕಾಣುತ್ತೆ?”

ತಂಗಿ ಸುತ್ತಿಗೆ ತಂದು ಕೊಟ್ಟಳು. ಅಕ್ಕ ಮೊಳೆ ಹೊಡೆದು, ಶೀಲ್ಡು ತೂಗಿಹಾಕಿ, ಸೊಟ್ಟಗಿದೆಯೇ ಎಂದು ಹಿಂದೆ ಸರಿದು ನೋಡಿದಳು. ಪ್ರಾಸಮ್ಮನೂ ನೋಡಿದಳು. ಅವಳಿಗೆ ಎರಡೂ ಪದ್ಯಗಳು ಕಾಣುತ್ತಿದ್ದವು.